ಪೀರಿಯಡ್ ಮುಗಿದಾಗಲೆಲ್ಲ ಆರಿಸಿದರೆ ಪ್ರೊಜೆಕ್ಟರ್ ಲ್ಯಾಂಪ್ ಉಳಿಯುತ್ತದೆಯೇ?

ಪ್ರಶ್ನೆ: ನಮ್ಮದು ಹಳ್ಳಿಯ ಪ್ರೌಢಶಾಲೆ. ಸ್ಮಾರ್ಟ್ ಕ್ಲಾಸ್ ಕೊಠಡಿಯ ಪ್ರೊಜೆಕ್ಟರ್‌ಗೆ ಕಳೆದ ಜೂನ್‌ನಲ್ಲಿ ಹೊಸ ಲ್ಯಾಂಪ್ ಹಾಕಿಸಿದೆವು. 4000 ಗಂಟೆ ಬರುತ್ತದೆ ಎಂದಿದ್ದರು, 800ಕ್ಕೇ ಹೋಯಿತು. ಒಂದು ನಿಮಿಷವೂ ದಂಡವಾಗದಂತೆ ಪ್ರತಿ ಪೀರಿಯಡ್ ಮುಗಿದ ಕೂಡಲೇ ಆರಿಸುತ್ತೇವೆ. ಆದರೂ ಹೀಗೇಕೆ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಎರಡು ವಾಕ್ಯಗಳನ್ನು ಇನ್ನೊಮ್ಮೆ ಓದಿ. ಕಾರಣವನ್ನು ನೀವೇ ಬರೆದಿದ್ದೀರಿ. ಪ್ರೊಜೆಕ್ಟರ್ ರಿಪೇರಿಗೆ ಕುಳಿತ ದಿನದಿಂದ ಈ ಉತ್ತರವನ್ನು ಎಷ್ಟು ಮೇಷ್ಟ್ರುಗಳಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ, ಮರುದಿನ ಗಂಟೆ ಬಾರಿಸಿದ ತಕ್ಷಣ ರಿಮೋಟ್ ಎತ್ತಿಕೊಳ್ಳುತ್ತಾರೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ. ನಿಮ್ಮದು ಲೇಸರ್ ಅಥವಾ ಎಲ್‌ಇಡಿ ಪ್ರೊಜೆಕ್ಟರ್ ಆಗಿದ್ದರೆ ಮಾತ್ರ ಇದು ನಿಮಗಲ್ಲ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ: ಈ ಲ್ಯಾಂಪಿನೊಳಗೆ ತಂತಿ ಇಲ್ಲ. ಮನೆಯ ಹಳೆಯ ಬಲ್ಬಿನಲ್ಲಿ ಇದ್ದಂತಹ ಫಿಲಮೆಂಟ್ ಇದರಲ್ಲಿ ಇಲ್ಲವೇ ಇಲ್ಲ. ಫಿಲಿಪ್ಸ್ ಕಂಪನಿ 1995ರಲ್ಲಿ ಮಾರುಕಟ್ಟೆಗೆ ತಂದ ಬಗೆಯ ಪಾದರಸದ ಲ್ಯಾಂಪ್ ಇದು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಕ್ವಾರ್ಟ್ಜ್ ಬುರುಡೆಯೊಳಗೆ ಎರಡು ಟಂಗ್‌ಸ್ಟನ್ ಕಡ್ಡಿಗಳ ತುದಿಗಳು ಎದುರುಬದುರಾಗಿ ನಿಂತಿರುತ್ತವೆ. ನಡುವಿನ ಅಂತರ ಸುಮಾರು 1 ಮಿಲಿಮೀಟರ್ ಮಾತ್ರ. ಆ ಸಂದಿಯಲ್ಲಿ ಕಿಡಿ ಹಾರಿ, ನಿಂತು ಉರಿಯುತ್ತದೆ. ಅದನ್ನೇ ಆರ್ಕ್ ಎನ್ನುವುದು. ಅದರ ಬಿಸಿಗೆ ಪಾದರಸವೆಲ್ಲ ಆವಿಯಾಗಿ, ಒಳಗಿನ ಒತ್ತಡ ವಾತಾವರಣದ ಒತ್ತಡದ 200 ಪಟ್ಟಿನಷ್ಟಾಗುತ್ತದೆ. ಕಾರಿನ ಟೈರಿಗೆ ನಾವು ತುಂಬಿಸುವುದರ ಸುಮಾರು ನೂರು ಪಟ್ಟು. ಬುರುಡೆಯ ಗೋಡೆಯೇ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಷ್ಟು ಒತ್ತಡವಿದ್ದರೆ ಮಾತ್ರ ಪಾದರಸದ ಬೆಳಕು ನಮಗೆ ಬೇಕಾದ ಬಿಳುಪಿಗೆ ಬರುತ್ತದೆ.

ಇಷ್ಟು ಬಿಸಿಗೆ ಕಡ್ಡಿಗಳ ಟಂಗ್‌ಸ್ಟನ್ ಆವಿಯಾಗದೆ ಇರುವುದಿಲ್ಲ. ಅದು ಗೋಡೆಗೆ ಅಂಟದಂತೆ ಒಳಗೆ ಒಂದಿಷ್ಟು ಬ್ರೋಮಿನ್ ಇಟ್ಟಿರುತ್ತಾರೆ. ಗೋಡೆಯ ಕಡೆಗೆ ಹೋದ ಟಂಗ್‌ಸ್ಟನ್ ಕಣವನ್ನು ಬ್ರೋಮಿನ್ ಹಿಡಿದು, ಮತ್ತೆ ಕಡ್ಡಿಯ ತುದಿಗೇ ತಂದು ಬಿಡುತ್ತದೆ. ಇಂಥ ವ್ಯವಸ್ಥೆಯನ್ನು ಯೋಚಿಸಿದವರ ಬುದ್ಧಿಗೆ ನಾನು ಈಗಲೂ ತಲೆಬಾಗುತ್ತೇನೆ. ಆದರೆ ಇದು ಕೆಲಸ ಮಾಡುವುದು ಲ್ಯಾಂಪ್ ಪೂರ್ತಿ ಬಿಸಿಯಾದ ಮೇಲೆ ಮಾತ್ರ.

ಈಗ ನಿಮ್ಮ ರಿಮೋಟಿಗೆ ಬರೋಣ. ತಣ್ಣಗಿರುವ ಲ್ಯಾಂಪನ್ನು ಹೊತ್ತಿಸಲು ಸಾವಿರಾರು ವೋಲ್ಟಿನ ಹೊಡೆತ ಬೇಕು. ಆ ಕ್ಷಣದಲ್ಲಿ ಕಡ್ಡಿಗಳು ತಣ್ಣಗಿರುತ್ತವೆ. ಅವುಗಳ ಮೈಗೆ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಬಂದು ಬಡಿಯುತ್ತವೆ, ಟಂಗ್‌ಸ್ಟನ್ ಚೂರುಚೂರಾಗಿ ಸಿಡಿದು ಗೋಡೆಗೆ ಹೋಗಿ ಕೂರುತ್ತದೆ. ಬ್ರೋಮಿನ್ ಇನ್ನೂ ಕೆಲಸ ಆರಂಭಿಸಿರುವುದಿಲ್ಲ. ಪರದೆಯ ಮೇಲೆ ಬೆಳಕು ಮಂಕಾಗಿ ಬಂದು ನಿಧಾನವಾಗಿ ಏರುವ ಆ ಒಂದೆರಡು ನಿಮಿಷವೇ ಲ್ಯಾಂಪಿಗೆ ಅತಿ ಕಷ್ಟದ ಕಾಲ. ಲಾಟೀನಿನ ಗಾಜಿಗೆ ಮಸಿ ಹಿಡಿದಂತೆ ಕ್ವಾರ್ಟ್ಜ್ ಕಪ್ಪಾಗುತ್ತದೆ. ಕಪ್ಪಾದ ಗೋಡೆ ಬೆಳಕನ್ನು ಹೊರಗೆ ಬಿಡದೆ ತಾನೇ ಹೀರುತ್ತದೆ, ಇನ್ನಷ್ಟು ಕಾಯುತ್ತದೆ, ಮೆತ್ತಗಾಗಿ ಉಬ್ಬುತ್ತದೆ. ಕೊನೆಗೆ ಒಂದು ದಿನ ಪಟಾಕಿಯಂತೆ ಸಿಡಿಯುತ್ತದೆ. ಇತ್ತ ಕಡ್ಡಿಯ ತುದಿಗಳು ಸವೆದು ಅಂತರ ಹೆಚ್ಚಾಗುತ್ತದೆ, ಬೆಳಕು ಬುರುಡೆಯ ಸುತ್ತ ಇರುವ ಕನ್ನಡಿಯ ಬಟ್ಟಲಿನ ಕೇಂದ್ರ ಬಿಟ್ಟು ಚೆದುರುತ್ತದೆ.

ಲೆಕ್ಕ ಹಾಕಿ. ದಿನಕ್ಕೆ 6 ಪೀರಿಯಡ್, ವರ್ಷಕ್ಕೆ 200 ದಿನ: 1200 ಸಲ ಹೊತ್ತಿಸಿದ್ದೀರಿ. ಪೀರಿಯಡ್ 40 ನಿಮಿಷ ಎಂದರೆ ಉರಿದದ್ದು 800 ಗಂಟೆ. ಲ್ಯಾಂಪ್ ಉರಿದ ಗಂಟೆ ಎಣಿಸುವ ನಿಮ್ಮ ಪ್ರೊಜೆಕ್ಟರ್‌ನ ಮೀಟರ್ ತೋರಿಸಿದ್ದೂ ಅಷ್ಟೇ. ಎರಡು ಗಂಟೆಗೊಮ್ಮೆ ಆರಿಸುವ ಕಚೇರಿಯಲ್ಲಿ 1200 ಸಲ ಹೊತ್ತಿಸುವಷ್ಟರಲ್ಲಿ 2400 ಗಂಟೆ ಉರಿದಿರುತ್ತದೆ.

ಇನ್ನು ಉಳಿತಾಯದ ಮಾತು. ಲ್ಯಾಂಪಿನ ಬೆಲೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. 4000 ಗಂಟೆಗೆ ಹಂಚಿದರೆ ಗಂಟೆಗೆ ಎರಡೂವರೆ ರೂಪಾಯಿ, ಹತ್ತು ನಿಮಿಷಕ್ಕೆ ಸುಮಾರು 40 ಪೈಸೆ. ಪ್ರೊಜೆಕ್ಟರ್ 300 ವಾಟ್‌ನದ್ದಾದರೆ ಆ ಹತ್ತು ನಿಮಿಷದ ವಿದ್ಯುತ್ ಒಂದು ಯೂನಿಟ್ಟಿನ ಇಪ್ಪತ್ತರಲ್ಲಿ ಒಂದು ಭಾಗ. ಎರಡೂ ಸೇರಿ ಒಂದು ರೂಪಾಯಿ ದಾಟುವುದಿಲ್ಲ. ಅದನ್ನು ಉಳಿಸಲು ಹೋಗಿ, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು) ಊರವರ ಮುಂದೆ ಕೈಯೊಡ್ಡಿ ಕೂಡಿಸಿದ ದುಡ್ಡಿನ ಲ್ಯಾಂಪನ್ನು ಕಳೆದುಕೊಳ್ಳುತ್ತಿದ್ದೀರಿ. ನನಗೆ ಸಂಕಟವಾಗುವುದು ಇದಕ್ಕೇ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದೂ ನನಗೆ ಗೊತ್ತು. ಹಿರಿಯ ಶಿಕ್ಷಕರು ತರಬೇತಿ ಪಡೆದದ್ದು ಓವರ್‌ಹೆಡ್ ಪ್ರೊಜೆಕ್ಟರ್‌ನಲ್ಲಿ, ಪಾರದರ್ಶಕ ಹಾಳೆ ಇಟ್ಟು ತೋರಿಸುತ್ತಿದ್ದ ಯಂತ್ರದಲ್ಲಿ. ಅದರಲ್ಲಿ ಇದ್ದದ್ದು ತಂತಿಯ ಹ್ಯಾಲೋಜನ್ ಬಲ್ಬು. ಐವತ್ತು, ಎಪ್ಪತ್ತೈದು ಗಂಟೆ ಆಯುಷ್ಯದ ಬಲ್ಬುಗಳೇ ಸಾಮಾನ್ಯವಾಗಿದ್ದವು. ಮಾತನಾಡುವಾಗ ಆರಿಸಿ, ಹಾಳೆ ತೋರಿಸುವಾಗ ಹಚ್ಚಿ ಎಂದು ಕಲಿಸಿದ್ದು ಆ ಯಂತ್ರಕ್ಕೆ ಸರಿಯಾಗಿಯೇ ಇತ್ತು. ಯಂತ್ರ ಬದಲಾಯಿತು, ಪಾಠ ಹಾಗೇ ಉಳಿಯಿತು.

ಹಾಗಾದರೆ ಬಿಡುವಿನಲ್ಲಿ ಏನು ಮಾಡಬೇಕು? ರಿಮೋಟಿನಲ್ಲಿ ಬ್ಲ್ಯಾಂಕ್ ಅಥವಾ ಎ/ವಿ ಮ್ಯೂಟ್ ಎಂಬ ಗುಂಡಿ ಇರುತ್ತದೆ, ಅದನ್ನು ಒತ್ತಿ. ಪರದೆ ಕಪ್ಪಾಗುತ್ತದೆ, ಲ್ಯಾಂಪ್ ಉರಿಯುತ್ತಿರುತ್ತದೆ. ಲೆನ್ಸಿಗೆ ಮುಚ್ಚಳ ಹಾಕುವುದಾಗಲಿ, ಪುಸ್ತಕ ಅಡ್ಡ ಇಡುವುದಾಗಲಿ ಬೇಡ, ಬಿಸಿಗೆ ಕರಗುತ್ತದೆ ಅಥವಾ ಸುಡುತ್ತದೆ. ಅರ್ಧ ಗಂಟೆಯೊಳಗೆ ಮತ್ತೆ ಬೇಕಾಗುವುದಿದ್ದರೆ ಆರಿಸಬೇಡಿ. ಗಂಟೆಗಿಂತ ಹೆಚ್ಚು ಬಿಡುವಿದ್ದರೆ ಆರಿಸಿ.

ಉಳಿದ ಕಾರಣಗಳು ನಿಮಗೆ ಗೊತ್ತಿರುವಂಥವೇ. ಶಾಲೆಗಳಿಂದ ಬರುವ ಪ್ರೊಜೆಕ್ಟರ್‌ಗಳ ಫಿಲ್ಟರ್ ಬಿಚ್ಚಿದರೆ ಸೀಮೆಸುಣ್ಣದ ಪುಡಿ ಕಂಬಳಿಯಂತೆ ಕೂತಿರುತ್ತದೆ. ಗಾಳಿ ಆಡದಿದ್ದರೆ ಕ್ವಾರ್ಟ್ಜ್ ಮಿತಿಮೀರಿ ಕಾದು ಹಾಲಿನಂತೆ ಬೆಳ್ಳಗಾಗುತ್ತದೆ, ಬಿರುಕು ಬಿಡುತ್ತದೆ. ತೆಗೆದ ಲ್ಯಾಂಪ್ ನಿಮ್ಮಲ್ಲೇ ಇದ್ದರೆ ನೋಡಿ: ಒಳಗೆ ಕಪ್ಪಾಗಿದ್ದರೆ ಪದೇಪದೇ ಹೊತ್ತಿಸಿದ್ದರ ಗುರುತು, ಬೆಳ್ಳಗೆ ಮಬ್ಬಾಗಿದ್ದರೆ ಬಿಸಿಯ ಗುರುತು. ಕಪ್ಪು ಹಲಗೆ ಬಳಸುವ ಕೊಠಡಿಯಲ್ಲಿ ತಿಂಗಳಿಗೊಮ್ಮೆಯಾದರೂ ಫಿಲ್ಟರ್ ತೆಗೆದು ಧೂಳು ಕೊಡವಿ. ಪ್ರಖರ ಬೆಳಕು ಬೇಡವಾದಾಗ ಇಕೋ ಮೋಡ್‌ನಲ್ಲೇ ಇಡಿ. ಹೊಸ ಲ್ಯಾಂಪ್ ಹಾಕುವಾಗ ಕ್ವಾರ್ಟ್ಜ್‌ಗೆ ಬೆರಳು ತಾಗಿಸಬೇಡಿ, ಬೆವರಿನ ಕಲೆ ಇರುವಲ್ಲೇ ಅದು ಕೆಡಲು ತೊಡಗುತ್ತದೆ. ಪೆಟ್ಟಿಗೆಯ ಮೇಲಿನ 4000 ಗಂಟೆ ಎಂದರೆ ಬೆಳಕು ಅರ್ಧಕ್ಕೆ ಇಳಿಯುವ ಅವಧಿ. ಅದನ್ನು ದಾಟಿದ ಲ್ಯಾಂಪನ್ನು ಬದಲಿಸದೆ ಮೀಟರ್ ಮಾತ್ರ ಸೊನ್ನೆಗೆ ತಂದು ಮುಂದುವರಿಸುವವರಿದ್ದಾರೆ. ದಯವಿಟ್ಟು ಮಕ್ಕಳಿರುವ ಕೊಠಡಿಯಲ್ಲಿ ಆ ಕೆಲಸ ಮಾಡಬೇಡಿ. ಸಿಡಿದರೆ ಪಾದರಸದ ಆವಿ ಹೊರಬರುತ್ತದೆ. ಹಾಗಾದರೆ ಮೊದಲು ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿಗಳನ್ನು ತೆರೆದು, ಅರ್ಧ ಗಂಟೆಯಾದರೂ ಒಳಗೆ ಹೋಗಬೇಡಿ.

ಕರೆಂಟಿನ ಬಗ್ಗೆಯೂ ಒಂದು ಮಾತು. ಹತ್ತು ಸೆಕೆಂಡ್ ಹೋಗಿ ಬಂದರೂ ಆರ್ಕ್ ಸತ್ತಿರುತ್ತದೆ, ಆದರೆ ಒಳಗಿನ ಒತ್ತಡ ಹಾಗೇ ಇರುತ್ತದೆ. ಅಷ್ಟು ಒತ್ತಡದಲ್ಲಿ ಕಿಡಿ ಹಾರುವುದಿಲ್ಲ. ಪ್ರೊಜೆಕ್ಟರ್ ಕೆಟ್ಟಿತೆಂದು ಗುಂಡಿ ಒತ್ತುತ್ತಲೇ ಇರಬೇಡಿ, ಹತ್ತು ನಿಮಿಷ ಕಾಯಿರಿ. ಅನುಕೂಲವಿದ್ದರೆ ಯುಪಿಎಸ್ ಹಾಕಿಸಿ.

ನೀವು ಕೇಳದಿದ್ದರೂ ಹಳೆಯ ಟಾಕೀಸುಗಳ ವಿಷಯ ಹೇಳದೆ ಇರಲಾರೆ. ಅಲ್ಲಿ ಉರಿಯುತ್ತಿದ್ದದ್ದೂ ಆರ್ಕೇ, ಆದರೆ ತೆರೆದ ಗಾಳಿಯಲ್ಲಿ, ಎರಡು ಇಂಗಾಲದ ಕಡ್ಡಿಗಳ ನಡುವೆ. ಹೊಗೆ ಹೋಗಲು ಮೇಲೆ ಚಿಮಣಿ ಇರುತ್ತಿತ್ತು. ಕಡ್ಡಿಗಳು ಕಣ್ಣೆದುರೇ ಸವೆಯುತ್ತಿದ್ದವು. ಆಪರೇಟರ್ ಕಪ್ಪು ಗಾಜಿನಲ್ಲಿ ನೋಡುತ್ತ, ಗುಬುಟು ತಿರುಗಿಸಿ ಅವುಗಳನ್ನು ಹತ್ತಿರ ತರುತ್ತಲೇ ಇರಬೇಕಿತ್ತು. ಸ್ವಲ್ಪ ಮರೆತರೆ ಪರದೆ ಮಂಕಾಗುತ್ತಿತ್ತು, ಕೆಳಗಿನಿಂದ ಸಿಳ್ಳೆ ಕೇಳುತ್ತಿತ್ತು. 2000 ಅಡಿಯ ರೀಲು ಓಡುವ ಸುಮಾರು ಇಪ್ಪತ್ತು ನಿಮಿಷವೂ ಅವನ ಕಣ್ಣು ಆ ಸಂದಿಯ ಮೇಲೆ. ಆಮೇಲೆ ಕ್ಸೆನಾನ್ ಲ್ಯಾಂಪ್ ಬಂತು. ಅದರಲ್ಲಿ ತಣ್ಣಗಿದ್ದಾಗಲೂ ಒತ್ತಡ ತುಂಬಿರುವುದರಿಂದ, ಮುಖಕ್ಕೆ ಕವಚ, ಕೈಗೆ ದಪ್ಪ ಗವಸು ಇಲ್ಲದೆ ಯಾರೂ ಮುಟ್ಟುವುದಿಲ್ಲ.

ನಿಮ್ಮ ಲ್ಯಾಂಪಿನಲ್ಲಿಯೂ ಸವೆಯುವ ಕಡ್ಡಿಗಳಿವೆ, ಆದರೆ ಅವು ಕ್ವಾರ್ಟ್ಜಿನೊಳಗೆ ಮುಚ್ಚಿಕೊಂಡಿವೆ. ಹತ್ತಿರ ತರಲು ಗುಬುಟು ಇಲ್ಲ. ಹೊಸದು ಬಂದ ಮೇಲೆ ಮೊದಲ ಪೀರಿಯಡ್‌ಗೆ ಹೊತ್ತಿಸಿ, ಊಟದ ಗಂಟೆಗೆ ಆರಿಸಿ. ಮಧ್ಯಾಹ್ನ ಮತ್ತೊಮ್ಮೆ. ದಿನಕ್ಕೆ ಎರಡೇ ಸಲ.