ಬೋಟು ದಡದಲ್ಲಿರುವ ಎರಡು ತಿಂಗಳು: ಕರಾವಳಿಯ ಸಣ್ಣ ಊರಿನಲ್ಲಿ ವ್ಯಸನ ಮತ್ತು ಚಿಕಿತ್ಸೆ

ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ಮತ್ತೆ ಮತ್ತೆ ಕಾಣುತ್ತದೆ: ‘ಗಾಂಜಾ ಸೇವನೆ: ಯುವಕ ವಶಕ್ಕೆ’. ಪೊಲೀಸರು ಹಿಡಿದರು, ವೈದ್ಯಕೀಯ ಪರೀಕ್ಷೆಯಲ್ಲಿ ಸೇವನೆ ದೃಢಪಟ್ಟಿತು, ಪ್ರಕರಣ ದಾಖಲಾಯಿತು. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಸಮಾಜಕಾರ್ಯ, ನರ್ಸಿಂಗ್, ಮನಃಶಾಸ್ತ್ರ ಓದುತ್ತಿರುವ ನಮಗೆ ಪಾಠ ಶುರುವಾಗುವುದು ಅಲ್ಲಿಂದ. ನಾನು ಹುಟ್ಟಿ ಬೆಳೆದ ಉಡುಪಿ ಜಿಲ್ಲೆಯ ಕುಂದಾಪುರ–ಗಂಗೊಳ್ಳಿ ಕಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆದಿದ್ದೇನೆ.

ಮೊದಲು ಅಳತೆ ತಿಳಿದಿರಲಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, 10ರಿಂದ 75 ವರ್ಷದವರಲ್ಲಿ ಮದ್ಯ ಬಳಸುವವರು ಶೇ. 14.6. ಗಾಂಜಾ, ಭಂಗಿ, ಚರಸ್ ಬಳಸುವವರು ಶೇ. 2.8, ಅಫೀಮು ಜಾತಿಯವನ್ನು (ಅಫೀಮು, ಹೆರಾಯಿನ್, ಬ್ರೌನ್ ಶುಗರ್ ಇತ್ಯಾದಿ) ಬಳಸುವವರು ಶೇ. 2.1. ‘ಡ್ರಗ್ಸ್’ ಎಂದಾಗ ನಮ್ಮ ಗಮನ ಗಾಂಜಾ, ಎಂಡಿಎಂಎ (ರಾಸಾಯನಿಕವಾಗಿ ತಯಾರಿಸುವ ಮಾದಕ) ಕಡೆಗೆ ಓಡುತ್ತದೆ. ಮನೆಗಳನ್ನು ಹೆಚ್ಚು ಮುರಿಯುತ್ತಿರುವುದು ಪರವಾನಗಿ ಇರುವ ಅಂಗಡಿಯಲ್ಲಿ ಸಿಗುವ ಬಾಟಲಿ. ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ನಾನು ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ: ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ.

ಇನ್ನು ಮಿದುಳಿನ ವಿಷಯ. ಊಟ, ಸ್ನೇಹ, ಗೆಲುವು ಇವೆಲ್ಲ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಮೂಲಕ ‘ಇದು ಬೇಕು, ನೆನಪಿಟ್ಟುಕೋ’ ಎಂದು ಮಿದುಳಿಗೆ ಹೇಳುತ್ತವೆ. ಮಾದಕ ಪದಾರ್ಥ ಅದೇ ಮಾತನ್ನು ಅತಿ ಜೋರಾಗಿ ಹೇಳುತ್ತದೆ. ದಿನ ಕಳೆದಂತೆ ಮೈ ಅದಕ್ಕೆ ಒಗ್ಗುತ್ತದೆ, ಮೊದಲಿನ ಪ್ರಮಾಣ ಸಾಲುವುದಿಲ್ಲ. ಆಮೇಲೆ ಖುಷಿಗಾಗಿ ಅಲ್ಲ, ಸಂಕಟ ತಪ್ಪಿಸಿಕೊಳ್ಳಲು ಸೇವಿಸುತ್ತಾರೆ. ‘ಮನಸ್ಸು ಮಾಡಿದ್ರೆ ಬಿಡ್ಲಿಕ್ಕಾಗುದಿಲ್ವಾ?’ ಎಂದು ಮನೆಯವರು ಕೇಳುವಾಗ ಈ ಹಂತವನ್ನು ವಿವರಿಸಿ ಹೇಳಬೇಕು. ನಿರ್ಧಾರ ಮಾಡಬೇಕಾದ ಮಿದುಳಿನ ಮುಂಭಾಗವೇ ಇಲ್ಲಿ ದುರ್ಬಲವಾಗಿರುತ್ತದೆ.

ಆದರೆ ಮಿದುಳೊಂದೇ ಕಾರಣವಲ್ಲ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ದಾಸರಾಗಿದ್ದ ಅಮೆರಿಕದ ಸೈನಿಕರನ್ನು ಸಂಶೋಧಕಿ ಲೀ ರಾಬಿನ್ಸ್ 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ಸುತ್ತಲಿನ ಜನ, ಜಾಗ, ಕೆಲಸ ಬದಲಾಗಿದ್ದವು. ನಮ್ಮ ಕಡೆಯ ಕಷ್ಟ ಇದಕ್ಕೆ ತಿರುಗುಮುರುಗು: ಚಿಕಿತ್ಸೆ ಮುಗಿಸಿದವನು ಬೋಟುಗಳು ನಿಲ್ಲುವ ಅದೇ ಧಕ್ಕೆಗೆ, ಅದೇ ಗೆಳೆಯರ ನಡುವೆ, ಅದೇ ಬೋಟಿಗೆ ಮರಳುತ್ತಾನೆ.

ಪರೀಕ್ಷೆಗೂ ಕ್ಷೇತ್ರಕಾರ್ಯಕ್ಕೂ ಅತಿ ಮುಖ್ಯವಾದದ್ದು ಬಿಡುವಾಗಿನ ಅಪಾಯ. ಯಾವುದನ್ನು ಬಿಟ್ಟರೆ ಸಂಕಟ, ಯಾವುದನ್ನು ಬಿಟ್ಟರೆ ಜೀವಕ್ಕೇ ಕುತ್ತು ಎಂಬುದನ್ನು ಬಿಡಿಸಿ ತಿಳಿದಿರಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು ಶುರು. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು–ಮೂರನೇ ದಿನ ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಡೆಲಿರಿಯಂ ಟ್ರೆಮೆನ್ಸ್ ಬರಬಹುದು. ಇದರಲ್ಲಿ ಸಾವೂ ಸಂಭವಿಸುತ್ತದೆ. ಮನೆಯಲ್ಲಿ ಕೋಣೆಗೆ ಬೀಗ ಹಾಕಿ ಬಿಡಿಸುವ ಸಾಹಸ ಬೇಡ ಎನ್ನುವುದು ಇದಕ್ಕೇ. ಆಸ್ಪತ್ರೆಯಲ್ಲಿ ಬೆಂಜೊಡಯಾಜಪೀನ್ ಗುಂಪಿನ (ನರಗಳನ್ನು ಶಾಂತಗೊಳಿಸುವ) ಔಷಧಿ ಕೊಟ್ಟು ಅದನ್ನು ಕ್ರಮವಾಗಿ ಇಳಿಸುತ್ತಾ ಬರುತ್ತಾರೆ, ಥಯಮಿನ್ (ವಿಟಮಿನ್ ಬಿ1) ಕೊಡುತ್ತಾರೆ.

ಹೆರಾಯಿನ್, ಬ್ರೌನ್ ಶುಗರ್ ಬಿಟ್ಟವನು ಮೈಕೈ ನೋವು, ಭೇದಿ, ನಿದ್ದೆಗೇಡಿನಲ್ಲಿ ನರಳುತ್ತಾನೆ. ಎರಡು–ಮೂರನೇ ದಿನ ಅದು ತಾರಕಕ್ಕೇರಿ ವಾರದೊಳಗೆ ಇಳಿಯುತ್ತದೆ, ಪ್ರಾಣಾಪಾಯ ಅಪರೂಪ. ನಿಜವಾದ ಅಪಾಯ ಆಮೇಲೆ. ಬಿಟ್ಟ ಮೇಲೆ ಮೈಯ ಒಗ್ಗಿಕೆ ಇಳಿದಿರುತ್ತದೆ. ಮತ್ತೆ ಹಳೇ ಪ್ರಮಾಣ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಇದನ್ನು ಬಿಡುಗಡೆಯ ದಿನವೇ ಮನೆಯವರಿಗೆ ಬಾಯಿಬಿಟ್ಟು ಹೇಳಬೇಕು, ಹೇಳಲು ಮುಜುಗರವಾದರೂ. ಗಾಂಜಾ ಬಿಟ್ಟರೆ ಸಿಡಿಮಿಡಿ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು, ಒಂದೆರಡು ವಾರ. ಅದಕ್ಕೂ ಎಂಡಿಎಂಎಗೂ ನಿಗದಿಯಾದ ಮಾತ್ರೆ ಇಲ್ಲ. ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ.

ಮೇಲೆ ಹೇಳಿದ್ದೆಲ್ಲ ಡಿಟಾಕ್ಸ್, ಅಂದರೆ ಬಿಡುವಾಗಿನ ಸಂಕಟವನ್ನು ದಾಟಿಸುವ ಹಂತ, ಒಂದು ವಾರ–ಹತ್ತು ದಿನದ ಮಾತು. ಬಹಳ ಮನೆಗಳಲ್ಲಿ ಇದನ್ನೇ ಪೂರ್ತಿ ಚಿಕಿತ್ಸೆ ಅಂದುಕೊಳ್ಳುತ್ತಾರೆ. ಮರುಕಳಿಕೆಯ ಪ್ರಮಾಣ ನೂರಕ್ಕೆ 40ರಿಂದ 60 ಎಂದು ಪಠ್ಯಗಳು ಹೇಳುತ್ತವೆ, ಬಿ.ಪಿ., ಅಸ್ತಮಾ ರೋಗಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಬಿ.ಪಿ. ಮತ್ತೆ ಏರಿದರೆ ಯಾರೂ ರೋಗಿಗೆ ಬೈಯುವುದಿಲ್ಲ, ಮಾತ್ರೆ ಬದಲಿಸುತ್ತೇವೆ. ಇಲ್ಲಿಯೂ ಹಾಗೆಯೇ ನಡೆದುಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಂದುವರಿಕೆಗೆ ಔಷಧಿಗಳಿವೆ. ಕುಡಿತದ ತುಡಿತ ಇಳಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್. ಅಫೀಮು ಜಾತಿಯ ವ್ಯಸನಕ್ಕೆ ಬ್ಯುಪ್ರಿನಾರ್ಫಿನ್. ಡೈಸಲ್ಫಿರಾಂ ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ರೋಗಿ ಒಪ್ಪಿ, ತಿಳಿದೇ ನುಂಗಬೇಕಾದ ಮಾತ್ರೆ ಅದು. ‘ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಜಾಹೀರಾತುಗಳನ್ನು ನೋಡಿರುತ್ತೀರಿ. ಸಾರಿನಲ್ಲಿ ಗುಟ್ಟಾಗಿ ಬೆರೆಸಿ ಕೊಡುವ ಪುಡಿ ಜೀವ ತೆಗೆಯಬಹುದು.

ಎಲ್ಲಿಗೆ ಹೋಗುವುದು? ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಇದೆ. ದಾಖಲಾತಿ ಬೇಕಾದರೆ ಉಡುಪಿ, ಮಣಿಪಾಲ, ಮಂಗಳೂರು. ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್‌. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ನಮ್ಮ ಕಡೆಯವರು ಚೆನ್ನಾಗಿ ಬಲ್ಲರು. ಶಿಬಿರ ಮುಗಿಸಿದವರ ನವಜೀವನ ಸಮಿತಿಗಳೇ ಅದರ ದೊಡ್ಡ ಬಲ, ಏಕೆಂದರೆ ವಾರದ ನಂತರವೂ ಯಾರೋ ಜೊತೆಗಿರುತ್ತಾರೆ. ಆದರೆ ಫಿಟ್ಸ್‌ ಬಂದಿದ್ದವರು, ಲಿವರ್ ಕೆಟ್ಟವರು ಮೊದಲು ಆಸ್ಪತ್ರೆಗೇ ಹೋಗಬೇಕು. ಎಲ್ಲಿಗೂ ಹೋಗಲು ಹಿಂಜರಿಯುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446 ಇವೆ.

ಹಿಂಜರಿಕೆ ಸಣ್ಣದಲ್ಲ. ‘ಜನ ಎಂತ ಹೇಳ್ತ್ರ್?’ ಎಂಬ ಒಂದು ಮಾತು ಎಷ್ಟೋ ಚಿಕಿತ್ಸೆಗಳನ್ನು ವರ್ಷಗಟ್ಟಲೆ ಮುಂದೂಡುತ್ತದೆ. ಔಷಧದಂಗಡಿಯವನು ಪರಿಚಯದವನು, ಓಪಿಡಿ ಸಾಲಿನಲ್ಲಿ ಪಕ್ಕದ ಮನೆಯವರು. ಅದರ ಜೊತೆಗೆ ಪೊಲೀಸ್ ಭಯ. ಹೀಗಾಗಿ ಎರಡು ಕಾನೂನು ಗೊತ್ತಿರಲಿ. ಮಾದಕ ಪದಾರ್ಥಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ವಿಚಾರಣೆಯಿಂದ ರಕ್ಷಣೆ ಇದೆ; ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನವನ್ನೂ ತನ್ನ ವ್ಯಾಪ್ತಿಗೆ ತಂದಿದೆ. ರೋಗಿಯ ಮಾಹಿತಿ ಗುಟ್ಟಾಗಿರಬೇಕು, ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಮಗನನ್ನು ‘ಸೆಂಟರ್’ಗೆ ಹಾಕುವ ಮೊದಲು ಪೋಷಕರು ನೋಂದಣಿ ಪತ್ರ ಕೇಳಲಿ, ವೈದ್ಯರು ಬರುತ್ತಾರೋ ವಿಚಾರಿಸಲಿ.

ಈಗ ಶೀರ್ಷಿಕೆಯ ಮಾತಿಗೆ ಬರುತ್ತೇನೆ. ಒಬ್ಬ ಕಲಾಸಿಯನ್ನು (ಬೋಟಿನ ಕೆಲಸಗಾರನನ್ನು) ಊಹಿಸಿಕೊಳ್ಳಿ, ವಯಸ್ಸು ಇಪ್ಪತ್ತನಾಲ್ಕು, ಆಳಸಮುದ್ರದ ಬೋಟು. ಒಮ್ಮೆ ಹೊರಟರೆ ಹತ್ತು ದಿನ ನೀರಿನ ಮೇಲೆ, ನಿದ್ದೆಗೆ ಹೊತ್ತಿಲ್ಲ. ದಡಕ್ಕೆ ಬಂದ ಕೂಡಲೇ ಪಾಲಿನ ಹಣ ಕೈಗೆ, ಎರಡು ದಿನ ಬಿಡುವು. ಹಣ, ಬಿಡುವು, ಗೆಳೆಯರು ಮೂರೂ ಒಟ್ಟಿಗೆ ಸೇರುವ ಆ ಸಂಜೆಯೇ ಅವನ ಅಪಾಯದ ಗಳಿಗೆ. ಪ್ರತಿ ಸೋಮವಾರ ಬಾ ಎಂದರೆ ಅವನು ಬರಲಾರ. ಬ್ಯುಪ್ರಿನಾರ್ಫಿನ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ದಿನವೂ ಸಿಬ್ಬಂದಿಯ ಎದುರೇ ನಾಲಿಗೆಯಡಿ ಮಾತ್ರೆ ಇಡುವ ಪದ್ಧತಿ ಇರುವುದು ದಡದಲ್ಲಿರುವವರಿಗೆ ಮಾತ್ರ ಸರಿಹೊಂದುತ್ತದೆ.

ಆದರೆ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ, ಒಟ್ಟು 61 ದಿನ. ಹತ್ತು ದಿನ ಡಿಟಾಕ್ಸ್, ಮೂರು–ನಾಲ್ಕು ವಾರ ಒಳರೋಗಿಯಾಗಿ ಸಮಾಲೋಚನೆ, ಉಳಿದ ದಿನ ಮನೆಯಲ್ಲಿದ್ದುಕೊಂಡೇ ಮರುಭೇಟಿ ಎಂದು ಲೆಕ್ಕ ಹಾಕಿದರೆ ಸರಿಯಾಗಿ ಕೂರುತ್ತದೆ. ಪ್ರಾಣಾಪಾಯ ಇದ್ದರೆ ಕಾಯಬಾರದು, ಯಾವ ತಿಂಗಳಾದರೂ ಆಸ್ಪತ್ರೆಗೇ. ಉಳಿದವರನ್ನು ಮೇ ತಿಂಗಳಲ್ಲೇ ಮಾತಾಡಿಸಿ ಒಪ್ಪಿಸಿಟ್ಟರೆ ಮಳೆಗಾಲ ಚಿಕಿತ್ಸೆಯ ಕಾಲವಾಗುತ್ತದೆ. ಆಗ ಕೈಯಲ್ಲಿ ಹಣವಿರುವುದಿಲ್ಲವಾದ್ದರಿಂದ ಸರ್ಕಾರಿ ಹಾಸಿಗೆಯನ್ನು ಮೊದಲೇ ಕೇಳಿಡಬೇಕು.

ಆಗಸ್ಟ್‌ನಲ್ಲಿ ಬೋಟು ಹೊರಡುವಾಗ ಮೂರು ವಿಷಯ ಪಕ್ಕಾ ಆಗಿರಬೇಕು: ಚೀಲದಲ್ಲಿ ಹದಿನೈದು ದಿನದ ಮಾತ್ರೆ, ಅವನ ಒಪ್ಪಿಗೆಯಿದ್ದರೆ ವಿಷಯ ತಿಳಿದ ತಾಂಡೇಲ (ಬೋಟು ನಡೆಸುವವನು), ಮತ್ತು ಪಾಲಿನ ಹಣ ಅವನೇ ಹೆಸರಿಸಿದ ಅಮ್ಮನ ಅಥವಾ ಅಕ್ಕನ ಖಾತೆಗೆ ಹೋಗುವ ಏರ್ಪಾಡು. ಮರುಭೇಟಿಯ ದಿನಾಂಕವನ್ನು ಕ್ಯಾಲೆಂಡರ್ ನೋಡಿ ಬರೆಯಬೇಡಿ. ಬೋಟು ಯಾವತ್ತು ಬರುತ್ತದೆ ಎಂದು ಕೇಳಿ ಬರೆಯಿರಿ.