ಪದ ಪರಿಚಯ: ಮುಖಬೆಲೆ

ಕೊಡಗಿನ ಗೋಣಿಕೊಪ್ಪದಲ್ಲಿ ಚೆರ್ರಿ ಕಾಫಿ ಮಾರಿದವರಿಗೆ ಎರಡು ಬೆಲೆಯ ಸಂಗತಿ ಹೊಸದಲ್ಲ. 50 ಕೆಜಿ ಚೀಲಕ್ಕೆ ಇಷ್ಟು ಎಂದು ಅಂಗಡಿಯ ಬೋರ್ಡಿನಲ್ಲಿ ಬರೆದಿರುತ್ತದೆ. ಕೈಗೆ ಎಷ್ಟು ಬರುತ್ತದೆ ಅನ್ನುವುದು ಔಟ್‌ಟರ್ನ್, ಅಂದರೆ ಚೀಲದಿಂದ ಸಿಗುವ ಬೇಳೆಯ ತೂಕ, ನೋಡಿದ ಮೇಲಷ್ಟೇ ತೀರ್ಮಾನ. ಚೀಲದಲ್ಲಿ 28 ಕೆಜಿ ಬೇಳೆ ಸಿಕ್ಕರೆ ಒಂದು ಲೆಕ್ಕ, 26 ಸಿಕ್ಕರೆ ಇನ್ನೊಂದು, ತೇವ ಹೆಚ್ಚಿದ್ದರೆ ಅದಕ್ಕೊಂದು ಕಡಿತ. ಸಂಗೀತ ಕಾರ್ಯಕ್ರಮದ ಟಿಕೆಟ್ಟಿನಲ್ಲೂ ಇದೇ ಆಟ ನಡೆಯುತ್ತದೆ, ಆದರೆ ತಿರುವುಮುರುವಾಗಿ. ಬೋರ್ಡಿನ ಮೇಲಿನ ಬೆಲೆ ಕಡಿಮೆ, ಜೇಬಿನಿಂದ ಹೋಗುವುದು ಹೆಚ್ಚು. ಬೋರ್ಡಿನ ಮೇಲಿರುವ ಆ ಮೊದಲ ಅಂಕಿಗೆ ಮುಖಬೆಲೆ ಎಂದು ಹೆಸರು.

ಮುಖ ಸಂಸ್ಕೃತದ್ದು, ಬೆಲೆ ಕನ್ನಡದ್ದು. ಶಾಲೆಯ ವ್ಯಾಕರಣದಲ್ಲಿ ಅರಿಸಮಾಸ ಎಂದು ಕಲಿತದ್ದು ಇಂಥ ಜೋಡಿಯನ್ನೇ. ಈ ಪದ ಮನೆಮನೆಗೆ ತಲುಪಿದ್ದು 2016ರ ನವೆಂಬರಿನಲ್ಲಿ, 500 ಮತ್ತು 1,000 ರೂಪಾಯಿ ಮುಖಬೆಲೆಯ ನೋಟುಗಳು ರದ್ದಾದಾಗ. ನೋಟಿನ ಮಟ್ಟಿಗೆ ಮುಖಬೆಲೆಯೇ ಬೆಲೆ. ಷೇರಿನ ವಿಷಯದಲ್ಲಿ ಅದಕ್ಕೆ ಹೆಚ್ಚು ಅರ್ಥವಿಲ್ಲ, 10 ರೂಪಾಯಿ ಮುಖಬೆಲೆಯ ಷೇರು ಸಾವಿರಾರು ರೂಪಾಯಿಗೆ ಮಾರಾಟವಾಗುವುದುಂಟು. ಟಿಕೆಟ್ ಇವೆರಡರ ನಡುವೆ ಎಲ್ಲೋ ಇದೆ. ಒಳಗೆ ಬಿಡಲು ಆಯೋಜಕರು ನಿಗದಿ ಮಾಡಿದ ದರ ಎಂಬುದೊಂದೇ ಇಲ್ಲಿ ಮುಖಬೆಲೆಯ ಅರ್ಥ. ತೆರಿಗೆ, ಬುಕಿಂಗ್ ಶುಲ್ಕ, ದಾರಿ ಖರ್ಚು ಯಾವುದೂ ಅದರೊಳಗೆ ಇರಲೇಬೇಕೆಂದಿಲ್ಲ.

ಮೊದಲು ತೆರಿಗೆ. ಸಂಗೀತ, ನೃತ್ಯ, ನಾಟಕ ಕಾರ್ಯಕ್ರಮಗಳ ಪ್ರವೇಶಕ್ಕೆ ತಲೆಗೆ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ. ಅದನ್ನು ದಾಟಿದರೆ ಶೇ 18. ಇಲ್ಲಿ ಹಲವರು ಎಡವುತ್ತಾರೆ: 500ರ ಮೇಲಿನ ಭಾಗಕ್ಕೆ ಮಾತ್ರ ತೆರಿಗೆ ಎಂದುಕೊಳ್ಳುತ್ತಾರೆ. ಹಾಗಲ್ಲ, ಇಡೀ ಮೊತ್ತಕ್ಕೆ ತೆರಿಗೆ ಬೀಳುತ್ತದೆ. 500ರ ಟಿಕೆಟ್ಟಿಗೆ 500 ಕೊಟ್ಟರೆ ಮುಗಿಯಿತು. 501ರ ಟಿಕೆಟ್ಟಿಗೆ 90 ರೂಪಾಯಿ 18 ಪೈಸೆ ಸೇರಿ 591.18 ಆಗುತ್ತದೆ. 499 ರೂಪಾಯಿಯ ಟಿಕೆಟ್ ಕಂಡಾಗ ಅದು ಚಪ್ಪಲಿ ಅಂಗಡಿಯ 499ರ ತರಹದ ಕಣ್ಕಟ್ಟು ಮಾತ್ರ ಅಂದುಕೊಳ್ಳಬೇಡಿ, ಅದರ ಹಿಂದೆ ಈ ಗೆರೆಯೂ ಇದೆ. 550ಕ್ಕೆ ಮಾರುವ ಸಣ್ಣ ಆಯೋಜಕರು 500ಕ್ಕೆ ಇಳಿಸಿದರೆ ನೋಡುವವರಿಗೆ ಉಳಿಯುವುದು 149 ರೂಪಾಯಿ, ಅವರಿಗೆ ಕಡಿಮೆಯಾಗುವುದು 50.

ಜಿಎಸ್‌ಟಿ ನೋಂದಣಿಯೇ ಇಲ್ಲದ ಆಯೋಜಕರು ತೆರಿಗೆ ವಸೂಲಿ ಮಾಡುವಂತಿಲ್ಲ. ಟಿಕೆಟ್ ಮೇಲೆ 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ. ಕರ್ನಾಟಕದ ನೋಂದಣಿಯಾದರೆ 29ರಿಂದ ಶುರುವಾಗುತ್ತದೆ. ಪ್ರವೇಶದ ತೆರಿಗೆ ಸೇರುವುದು ಕಾರ್ಯಕ್ರಮ ನಡೆಯುವ ರಾಜ್ಯಕ್ಕೆ, ಆದ್ದರಿಂದ ಮಡಿಕೇರಿಯಲ್ಲಿ ಕೂತು ಮುಂಬೈನ ಕಾರ್ಯಕ್ರಮಕ್ಕೆ ಬುಕ್ ಮಾಡಿದರೆ ಅಲ್ಲಿ ಮಹಾರಾಷ್ಟ್ರದ 27 ಕಂಡರೆ ಗಾಬರಿ ಬೇಡ.

ಎರಡನೆಯದು ಬುಕಿಂಗ್ ಶುಲ್ಕ, ಅಂದರೆ ಕನ್ವೀನಿಯನ್ಸ್ ಫೀ. ಇದು ಆಯೋಜಕರದ್ದಲ್ಲ, ಬುಕಿಂಗ್ ಆ್ಯಪ್‌ನದ್ದು, ಇದರ ಮೇಲೂ ಶೇ 18 ತೆರಿಗೆ. ಒಂದು ಉದಾಹರಣೆ ಹಾಕಿ ನೋಡೋಣ. ಮುಖಬೆಲೆ 2,000, ಜಿಎಸ್‌ಟಿ 360. ಫೀ ಶೇ 6 ಎಂದು ಹಿಡಿಯೋಣ, 120. ಅದರ ತೆರಿಗೆ 21.60. ಒಟ್ಟು 2,501 ರೂಪಾಯಿ 60 ಪೈಸೆ. ಕಾಲುಭಾಗ ಏರಿತು, ಇನ್ನೂ ಮನೆಯ ಗೇಟು ದಾಟಿಲ್ಲ. ಫೀ ಪ್ರತಿ ಟಿಕೆಟ್ಟಿಗೋ ಇಡೀ ಆರ್ಡರಿಗೋ ಎಂಬುದನ್ನು ಹಣ ಕಟ್ಟುವ ಪುಟದಲ್ಲಿ ಗಮನಿಸಿ. ಆರ್ಡರಿಗೆ ಒಂದೇ ಆದರೆ ನಾಲ್ವರೂ ಸೇರಿ ಬುಕ್ ಮಾಡಿದರೆ ಲಾಭ, ಟಿಕೆಟ್ಟಿಗಾದರೆ ವ್ಯತ್ಯಾಸವಿಲ್ಲ.

ಮೊದಲ ಪುಟದಲ್ಲಿ 2,000 ತೋರಿಸಿ ಕೊನೆಯ ಪುಟದಲ್ಲಿ 2,500 ಮಾಡುವುದಕ್ಕೆ ಡ್ರಿಪ್ ಪ್ರೈಸಿಂಗ್ ಎಂದು ಹೆಸರಿದೆ. ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಈ ಹೆಸರನ್ನು ವಿವರಿಸಬೇಕಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ, ಅಂದರೆ ಆನ್‌ಲೈನ್ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳಲ್ಲಿ, ಇದೂ ಒಂದು. ಕೇಳದೆಯೇ ದೇಣಿಗೆಯನ್ನೋ ವಿಮೆಯನ್ನೋ ಬುಟ್ಟಿಗೆ ಸೇರಿಸುವುದು, ‘ಇನ್ನು ಎರಡೇ ಟಿಕೆಟ್’ ಎಂದು ಸುಳ್ಳು ಅವಸರ ಹುಟ್ಟಿಸುವುದು ಕೂಡ ಅದೇ ಪಟ್ಟಿಯಲ್ಲಿವೆ. ನಿಯಮ ಇದೆ ಎಂದು ನಂಬಿ ಕೂರುವುದಕ್ಕಿಂತ ಕೊನೆಯ ಪುಟದವರೆಗೆ ಹೋಗಿ ಮೊತ್ತ ನೋಡಿ, ಆಮೇಲೆ ಹೋಲಿಸುವುದು ಮೇಲು. ‘ತೆರಿಗೆ ಸೇರಿ’ ಎಂದು ಬರೆದಿದ್ದರೆ 1.18ರಿಂದ ಭಾಗಿಸಿ, 2,360 ಅಂದರೆ ಮೂಲ 2,000.

ಹಾಗಾದರೆ ಆ 2,000ದೊಳಗೆ ಏನಿದೆ? ಕಲಾವಿದರ ಸಂಭಾವನೆ, ಮೈದಾನದ ಬಾಡಿಗೆ, ವೇದಿಕೆ, ಸೌಂಡು, ಲೈಟು, ಜನರೇಟರಿನ ಡೀಸೆಲ್, ಬ್ಯಾರಿಕೇಡು, ಆ್ಯಂಬುಲೆನ್ಸ್, ಪೊಲೀಸ್ ಮತ್ತು ಅಗ್ನಿಶಾಮಕ ಅನುಮತಿ, ಹಾಡುಗಳ ಹಕ್ಕಿನ ಲೈಸೆನ್ಸ್. ಇವುಗಳಲ್ಲಿ ಬಹುಪಾಲು ಜನ ಬರಲಿ ಬಿಡಲಿ ಕೊಡಲೇಬೇಕಾದದ್ದು. ಆದ್ದರಿಂದ ಆಯೋಜಕರಿಗೆ ಆರಂಭದಲ್ಲೇ ಒಂದಿಷ್ಟು ಟಿಕೆಟ್ ಹೋಗಿ ಕೈಗೆ ದುಡ್ಡು ಸಿಗುವುದು ಮುಖ್ಯ. ‘ಅರ್ಲಿ ಬರ್ಡ್’, ‘ಫೇಸ್ 1’, ‘ಫೇಸ್ 2’ ಎಂಬ ಹಂತಗಳು ಹುಟ್ಟಿದ್ದು ಹೀಗೆ. ನಿಲ್ಲುವ ಜಾಗ ಅದೇ, ಬೇಲಿ ಅದೇ, ತಡ ಮಾಡಿದವರ ಮುಖಬೆಲೆ ಮಾತ್ರ ಬೇರೆ.

ಇದನ್ನು ಡೈನಾಮಿಕ್ ಪ್ರೈಸಿಂಗ್ ಜೊತೆ ಬೆರೆಸಬೇಡಿ. ವಿಮಾನದ ಟಿಕೆಟ್ಟಿನಂತೆ ಬೇಡಿಕೆ ನೋಡಿಕೊಂಡು ಆಗಿಂದಾಗ್ಗೆ ಬದಲಾಗುವುದು ಡೈನಾಮಿಕ್; ಮೊದಲೇ ಬರೆದಿಟ್ಟ ಮೆಟ್ಟಿಲು ಹತ್ತುವುದು ಫೇಸ್. 2024ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಒಯಾಸಿಸ್ ತಂಡದ ಟಿಕೆಟ್ ಮಾರಾಟಕ್ಕೆ ಬಂದಾಗ ಗಂಟೆಗಟ್ಟಲೆ ಸರದಿಯಲ್ಲಿ ಕಾದವರಿಗೆ ಸುಮಾರು 150 ಪೌಂಡಿನ ನಿಲ್ಲುವ ಟಿಕೆಟ್ 350 ಪೌಂಡು ದಾಟಿ ಕಂಡಿತು. ಡೈನಾಮಿಕ್ ಎಂದು ಎಲ್ಲರೂ ಬೈದರು. ಅಲ್ಲಿನ ಸ್ಪರ್ಧಾ ಪ್ರಾಧಿಕಾರ ತನಿಖೆ ಮಾಡಿದಾಗ ಕಂಡದ್ದು ಬೇರೆ: ಎರಡು ಬೆಲೆಗಳನ್ನು ಮೊದಲೇ ಇಟ್ಟುಕೊಂಡು, ಅಗ್ಗದ್ದು ಮುಗಿದ ಮೇಲೆ ದುಬಾರಿಯದನ್ನು ಬಿಟ್ಟಿದ್ದರು. ಅಂದರೆ ನಮ್ಮ ಫೇಸ್ 1, ಫೇಸ್ 2. ತಪ್ಪಿದ್ದು ಅದನ್ನು ಮುಂಚೆಯೇ ಹೇಳದೆ ಇದ್ದುದರಲ್ಲಿ.

ಇನ್ನು ಕೊಡಗಿನ ಲೆಕ್ಕಕ್ಕೆ ಬರೋಣ. ಜಿಲ್ಲೆಯಲ್ಲಿ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಮೀ, ಬೆಂಗಳೂರು ಸುಮಾರು 260. ಕಾರಿನಲ್ಲಿ ಬೆಂಗಳೂರಿಗೆ ಹೋಗಿಬರಲು 520 ಕಿಮೀ; ಲೀಟರಿಗೆ 15 ಕಿಮೀ ಓಡುವ ಗಾಡಿಗೆ 35 ಲೀಟರ್ ಬೇಕು, ಪೆಟ್ರೋಲು ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ ಸುಮಾರು 3,600. ನಾಲ್ವರಾದರೆ ತಲೆಗೆ 900, ಒಬ್ಬರೇ ಆದರೆ ದಾರಿಯೇ ಟಿಕೆಟ್ಟನ್ನು ಮೀರಿಸಿತು. ಎಕ್ಸ್‌ಪ್ರೆಸ್‌ವೇ ಟೋಲು, ಪಾರ್ಕಿಂಗು, ಮೈದಾನದೊಳಗಿನ ನೀರು ಊಟ ಬೇರೆ. ಒಮ್ಮೆ ಹೊರಗೆ ಬಂದರೆ ಮತ್ತೆ ಬಿಡುವುದಿಲ್ಲ ಎಂಬ ಷರತ್ತು ಸಾಮಾನ್ಯವಾದ್ದರಿಂದ ಒಳಗಿನ ದರಕ್ಕೇ ತಿನ್ನಬೇಕು. ಬಸ್ಸಿನಲ್ಲಾದರೆ ಹೆಂಗಸರಿಗೆ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ ಉಚಿತ, ರಾಜಹಂಸ, ಐರಾವತಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಅಣ್ಣ ತಂಗಿ ಒಂದೇ ಮುಖಬೆಲೆಯ ಟಿಕೆಟ್ ಹಿಡಿದು ಹೋದರೂ ಇಬ್ಬರ ಖರ್ಚು ಒಂದೇ ಅಲ್ಲ.

ಈ ದೂರ ಟಿಕೆಟ್ ಆಯ್ಕೆಯನ್ನೇ ಬದಲಿಸಬೇಕು, ಆದರೆ ಹೆಚ್ಚಿನವರು ಬದಲಿಸುವುದಿಲ್ಲ. ಜನರಲ್ 1,000, ಮುಂದಿನ ಗೋಲ್ಡ್ 2,000 ಎಂದುಕೊಳ್ಳಿ. ತೆರಿಗೆ ಸೇರಿ 1,180 ಮತ್ತು 2,360. ಬೆಂಗಳೂರಿನ ಮಲ್ಲೇಶ್ವರದವರಿಗೆ ಗೋಲ್ಡ್ ಎಂದರೆ ಸರಿಯಾಗಿ ಎರಡು ಪಟ್ಟು. ಪ್ರಯಾಣ, ಊಟಕ್ಕೆ ಹೇಗೂ 1,500 ಹೋಗುವ ಮಡಿಕೇರಿಯವರಿಗೆ ಅದು 2,680 ಮತ್ತು 3,860. ಒಂದೂವರೆ ಪಟ್ಟೂ ಇಲ್ಲ. ವರ್ಷಕ್ಕೊಮ್ಮೆ ಹೋಗುವವರು ಇಷ್ಟು ದೂರ ಬಂದು, ಹಿಂದೆ ನಿಂತು ಎಲ್‌ಇಡಿ ಪರದೆ ನೋಡಿ ವಾಪಸಾಗುವುದರಲ್ಲಿ ಉಳಿತಾಯ ಕಡಿಮೆ. ಹಡಗು ಹತ್ತುವ ಕಾಫಿಯ ಲೆಕ್ಕವೂ ಇದೇ: ಸಾಗಣೆ ಖರ್ಚು ಒಳ್ಳೆಯ ಬೇಳೆಗೂ ಪುಡಿ ಬೇಳೆಗೂ ಸಮನಾಗಿರುವಾಗ ದೂರಕ್ಕೆ ಕಳಿಸಲು ಒಳ್ಳೆಯದೇ ಗಿಟ್ಟುತ್ತದೆ.

ಸಮಯಕ್ಕೂ ಬೆಲೆಯಿದೆ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ. ರಾಜ್ಯ ಸರ್ಕಾರ ವರ್ಷಕ್ಕೆ 15 ದಿನದವರೆಗೆ ಮಧ್ಯರಾತ್ರಿ ತನಕ ಸಡಿಲಿಸಬಹುದು. ಆದ್ದರಿಂದ ಬೆಂಗಳೂರಿನ ಮಾದಾವರದಲ್ಲೋ ಅರಮನೆ ಮೈದಾನದಲ್ಲೋ ಹಾಡು 10ಕ್ಕೆ ನಿಂತರೂ ಜನಜಂಗುಳಿ ದಾಟಿ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಮುಟ್ಟಲು ಎರಡು ಗಂಟೆ ಇಟ್ಟುಕೊಳ್ಳಿ. ಟಿಕೆಟ್ ತೆಗೆಯುವ ಮೊದಲು ವಾಪಸು ಬಸ್ಸಿನ ಸೀಟು ನೋಡಿ, ಅದು ಸಿಗದಿದ್ದರೆ ಲಾಡ್ಜಿನ ದರವನ್ನು ಮುಖಬೆಲೆಗೆ ಕೂಡಿಸಿ. ಮೈಸೂರಿನ ಕಾರ್ಯಕ್ರಮವಾದರೆ ಅಷ್ಟು ಕಷ್ಟವಿಲ್ಲ, ಕುಟ್ಟದ ಕಡೆಯವರನ್ನು ಬಿಟ್ಟು. ನಾಗರಹೊಳೆ ಕಾಡಿನ ದಾರಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್, ಅವರು ಸುತ್ತಿಕೊಂಡೇ ಬರಬೇಕು.

ಬಯಲು ಮೈದಾನದ ಟಿಕೆಟ್ಟಿನ ಷರತ್ತುಗಳಲ್ಲಿ ‘ಮಳೆ ಬಂದರೂ ನಡೆಯುತ್ತದೆ’ ಎಂದಿದ್ದರೆ ನೆನೆದದ್ದಕ್ಕೆ ಹಣ ವಾಪಸಿಲ್ಲ ಎಂದರ್ಥ. ಕೊಡೆ ಒಳಗೆ ಬಿಡುವುದು ಅಪರೂಪ, ರೇನ್‌ಕೋಟೇ ಗತಿ. ನಮ್ಮವರಿಗೆ ಅದನ್ನು ಬೇರೆ ಹೇಳಿಕೊಡಬೇಕಿಲ್ಲ.

ಮುಖಬೆಲೆ ಸೊನ್ನೆ ಇರುವ ಕಾರ್ಯಕ್ರಮವೂ ಪುಕ್ಕಟೆಯಲ್ಲ. ಮಡಿಕೇರಿ ದಸರೆಯಲ್ಲಿ ಗಾಂಧಿ ಮೈದಾನದ ಸಾಂಸ್ಕೃತಿಕ ಕಾರ್ಯಕ್ರಮಕ್ಕೂ ವಿಜಯದಶಮಿ ರಾತ್ರಿಯ ದಶಮಂಟಪಗಳ ಮೆರವಣಿಗೆಗೂ ಟಿಕೆಟ್ ಇಲ್ಲ. ಖರ್ಚು ಸರ್ಕಾರದ ಅನುದಾನದಿಂದ, ವಂತಿಗೆಯಿಂದ ಬರುತ್ತದೆ, ನೋಡುವವರು ಅದನ್ನು ಕೊಡುವುದು ಆ ರಾತ್ರಿಯ ಕೋಣೆ ಬಾಡಿಗೆಯಲ್ಲಿ. ರೆಸಾರ್ಟುಗಳ ಹೊಸ ವರ್ಷದ ಲೈವ್ ಮ್ಯೂಸಿಕ್ ರಾತ್ರಿಯಲ್ಲಿ ಇನ್ನೊಂದು ಪದ ಬರುತ್ತದೆ, ಕವರ್ ಚಾರ್ಜ್. ಇದನ್ನು ಊಟ, ಪಾನೀಯದ ಬಿಲ್ಲಿನಲ್ಲಿ ಕಳೆಯುತ್ತಾರೋ ಇಲ್ಲವೋ ಎಂದು ಮೊದಲೇ ಕೇಳಿ. ಕಳೆಯುವುದಾದರೆ 1,500ರ ಕವರ್ ಮುಂಗಡವಿದ್ದಂತೆ, ಕಳೆಯದಿದ್ದರೆ ಅದು ಬರೀ ಪ್ರವೇಶ ಶುಲ್ಕ. ‘ಜೋಡಿಗೆ’ ಎಂದು ಹೇಳಿದ ದರವನ್ನು ಎರಡರಿಂದ ಭಾಗಿಸಿಯೇ ಬೇರೆಯದರ ಜೊತೆ ಹೋಲಿಸಿ.

ಮುಖಬೆಲೆ ನಿಜವಾಗಿ ಕೆಲಸಕ್ಕೆ ಬರುವುದು ಮರುಮಾರಾಟದಲ್ಲಿ, ಅಳತೆಗೋಲಾಗಿ. 2025ರ ಜನವರಿಯಲ್ಲಿ ನವಿ ಮುಂಬೈಯಲ್ಲಿ ನಡೆದ ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮಗಳ ಟಿಕೆಟ್ ಮುಖಬೆಲೆ 2,500ರಿಂದ 35,000 ಇತ್ತು. 2024ರ ಸೆಪ್ಟೆಂಬರ್ 22ರಂದು ಬುಕ್‌ಮೈಶೋನಲ್ಲಿ ಮಾರಾಟ ಶುರುವಾಗಿ ಬೇಗನೆ ಮುಗಿದು, ಮರುಮಾರಾಟದ ತಾಣಗಳಲ್ಲಿ ಲಕ್ಷಗಳ ಬೆಲೆ ಕಾಣಿಸಿತು. ಬುಕ್‌ಮೈಶೋ ಪೊಲೀಸರಿಗೆ ದೂರು ಕೊಟ್ಟಿತು. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಮುಖಬೆಲೆಗೇ ಕೊಡುತ್ತೇನೆ’ ಎನ್ನುವವರೂ ಸಿಗುತ್ತಾರೆ, ನಿಜವಾಗಿ ಹೋಗಲಾಗದವರೂ ಅವರಲ್ಲಿದ್ದಾರೆ. ಆದರೆ ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ಮಾತ್ರ ಕಳಿಸಿದರೆ ತೆಗೆದುಕೊಳ್ಳಬೇಡಿ. ಒಂದೇ ಕೋಡನ್ನು ಐವರಿಗೆ ಮಾರಬಹುದು, ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವರಷ್ಟೇ ಒಳಗೆ. ಆ್ಯಪ್‌ನಲ್ಲೇ ವರ್ಗಾವಣೆ ಸೌಲಭ್ಯವಿದ್ದರೆ ಅದರ ಮೂಲಕ ನಿಮ್ಮ ನಂಬರಿಗೆ ಬರಲಿ, ಆಮೇಲೆ ಹಣ. ಪ್ರವೇಶದ ಕೈಪಟ್ಟಿ ಕೊರಿಯರ್‌ನಲ್ಲಿ ಬರುವ ಕಾರ್ಯಕ್ರಮವಾದರೆ ನಿಮ್ಮ ಪಿನ್‌ಕೋಡಿಗೆ ತಲುಪಿಸುತ್ತಾರೋ ನೋಡಿ. ಅನುಮಾನವಿದ್ದರೆ ಸ್ಥಳದಲ್ಲೇ ಪಡೆಯುವ ಆಯ್ಕೆ ಒತ್ತಿ, ಗುರುತಿನ ಚೀಟಿ ಮರೆಯದೆ ಒಯ್ಯಿರಿ.

ಕಾರ್ಯಕ್ರಮ ರದ್ದಾದರೆ ವಾಪಸು ಬರುವುದರಲ್ಲೂ ಮುಖಬೆಲೆ ಎಂಬ ಪದ ಅಡಗಿರುತ್ತದೆ. ‘ಟಿಕೆಟ್ ಮೊತ್ತ ಮರಳಿಸಲಾಗುವುದು’ ಎಂದರೆ ಫೀ ಸೇರಿದೆಯೋ ಇಲ್ಲವೋ ಷರತ್ತಿನಲ್ಲಿ ಓದಬೇಕು. ಬಸ್ಸು, ಲಾಡ್ಜಿನ ದುಡ್ಡನ್ನು ಅವರು ತಾವಾಗಿ ಕೊಡುವುದಿಲ್ಲ, ಆದ್ದರಿಂದ ಲಾಡ್ಜನ್ನು ರದ್ದು ಮಾಡಬಹುದಾದ ದರದಲ್ಲೇ ಹಿಡಿಯಿರಿ. ಮುಂದೂಡಿದರೆ ಹಳೆಯ ಟಿಕೆಟ್ಟೇ ಹೊಸ ದಿನಕ್ಕೆ ನಡೆಯುತ್ತದೆ ಎಂದು ಇಮೇಲ್ ಬರುತ್ತದೆ, ಬೇಡದವರು ಹಣ ಕೇಳಲು ಕೆಲವೇ ದಿನಗಳ ಗಡುವು ಕೊಟ್ಟಿರುತ್ತಾರೆ. ಹಣ ಬಾರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ದೂರು ಕೊಡಲು ಬೆಂಗಳೂರಿಗೋ ಮುಂಬೈಗೋ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಮಡಿಕೇರಿಯಲ್ಲೇ, ದೂರು ಸಲ್ಲಿಸಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಜೊತೆಗೆ ಬೇಕಾಗುವುದು ಮೊದಲ ಪುಟದ ಬೆಲೆಯ ಸ್ಕ್ರೀನ್‌ಶಾಟ್, ಕೊನೆಯ ಪುಟದ ಸ್ಕ್ರೀನ್‌ಶಾಟ್, ತೆರಿಗೆ ಬಿಡಿಸಿ ತೋರಿಸಿದ ಇನ್‌ವಾಯ್ಸ್ ಮತ್ತು ರದ್ದತಿಯ ಇಮೇಲ್. ಮೊದಲ ಎರಡನ್ನು ಬುಕ್ ಮಾಡುವಾಗಲೇ ತೆಗೆದಿಟ್ಟಿರಬೇಕು, ಆಮೇಲೆ ಆ ಪುಟ ಸಿಗುವುದಿಲ್ಲ.