ಕೊಡಗಿನಲ್ಲಿ ಮನೆ ಗುತ್ತಿಗೆ: ಲಾಭ ಇದ್ದರೂ ಕೂಲಿ ಬಟವಾಡೆಗೆ ದುಡ್ಡು ಏಕೆ ಇರುವುದಿಲ್ಲ?

ವಿರಾಜಪೇಟೆ ಕಡೆ 40 ಲಕ್ಷಕ್ಕೆ ಒಂದು ಮನೆ ಒಪ್ಪಿಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಖರ್ಚು 35 ಲಕ್ಷ, ಲಾಭ 5. (ಲೆಕ್ಕ ಸುಲಭವಾಗಲೆಂದು ಜಿಎಸ್‌ಟಿ ಬಿಟ್ಟಿದೆ.) ಕಂತುಗಳು ಹೀಗೆ: ಮುಂಗಡ 4, ಪಾಯ ಮುಗಿದಾಗ 6, ಲಿಂಟಲ್‌ಗೆ (ಬಾಗಿಲು-ಕಿಟಕಿ ಮೇಲಿನ ತೊಲೆ) 6, ತಾರಸಿ ಹಾಕಿದ ಮೇಲೆ 8, ಪ್ಲಾಸ್ಟರಿಂಗ್‌ಗೆ 8, ಕೀಲಿ ಕೊಡುವಾಗ 6. ಉಳಿದ 2 ಲಕ್ಷ, ಅಂದರೆ ಶೇ 5, ಭದ್ರತೆಗೆಂದು ಒಂದು ವರ್ಷ ಮಾಲೀಕರ ಬಳಿಯೇ ಇರುತ್ತದೆ.

ಈಗ ಖರ್ಚು ನೋಡಿ. ಪಾಯಕ್ಕೆ 6.5, ಗೋಡೆಗೆ 6, ತಾರಸಿಗೆ 9: ಒಟ್ಟು 21.5 ಲಕ್ಷ. ತಾರಸಿ ಕಂತಿಗೆ ಮುಂಚೆ ಕೈಸೇರಿದ್ದು 16. ಕೊರತೆ 5.5. ಆ ಕಂತು ಒಂದು ತಿಂಗಳು ತಡವಾಯಿತೆನ್ನಿ, ಅಷ್ಟರಲ್ಲಿ ಒಳಗಿನ ಕೆಲಸಕ್ಕೆ ಇನ್ನೂ 2 ಲಕ್ಷ ಹೋಗಿರುತ್ತದೆ. ಐದು ಲಕ್ಷ ಲಾಭದ ಕೆಲಸ ಏಳೂವರೆ ಲಕ್ಷ ಕೈಯಿಂದ ಹಾಕಿಸಿಕೊಳ್ಳುತ್ತಿದೆ! ತಿಂಗಳಿಗೆ ನೂರಕ್ಕೆ ಎರಡರಂತೆ ಕೈಸಾಲ ತಂದರೆ ಬಡ್ಡಿ 15,000. ಮಳೆಗಾಲದ ನಾಲ್ಕು ತಿಂಗಳು ಸಿಕ್ಕಿಕೊಂಡರೆ 60,000. ಲಾಭದ ಶೇ 12 ಅಲ್ಲಿಗೇ ಹೋಯಿತು.

ಇದನ್ನು ಸರಿಪಡಿಸಬೇಕಾದ್ದು ಕರಾರು ಬರೆಯುವಾಗಲೇ. ತಾರಸಿ ಕಂತನ್ನು ಒಡೆಯಿರಿ: ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ತಾತ್ಕಾಲಿಕ ಅಚ್ಚು) ಹೊಡೆದು ಕಂಬಿ ಕಟ್ಟಿದ ದಿನ 4, ಕಾಂಕ್ರೀಟ್ ಆದ ಮೇಲೆ 4. ಮಾಲೀಕರಿಗೆ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ, ತಾರಸಿಯ ಕೊರತೆ 1.5ಕ್ಕೆ ಇಳಿಯಿತು. ಎರಡನೇ ಕಂತು ತಡವಾದರೂ 3.5 ದಾಟದು. ಪಾಯದ ಹಂತದ 2.5 ಲಕ್ಷ ಕೊರತೆಗೂ ಇದೇ ಉಪಾಯ. ಕಲ್ಲುಕಟ್ಟಡ ಅರ್ಧವಾದಾಗ ಒಂದು ಕಂತು ಕೇಳಿ.

ಇಲ್ಲಿನ ಕ್ಯಾಲೆಂಡರ್ ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ನಿಂತರೂ ಸೆಂಟ್ರಿಂಗ್ ಶೀಟಿನ ಬಾಡಿಗೆ, ಮೇಸ್ತ್ರಿಯ ಸಂಬಳ, ಮಿಕ್ಸರ್ ಸಾಲದ ಕಂತು ನಿಲ್ಲುವುದಿಲ್ಲ. ಆ ನಾಲ್ಕು ತಿಂಗಳ ಮೊತ್ತವನ್ನು ಮೇ ಕೊನೆಯೊಳಗೆ ಬೇರೆ ಖಾತೆಯಲ್ಲಿಡಿ. ಮಳೆ ಕಡಿಮೆಯಿರುವ ಕುಶಾಲನಗರ ಕಡೆ ಒಂದು ಕೆಲಸ ಹಿಡಿದಿದ್ದರೆ ಗಾರೆಯವರೂ ಕೈಬಿಟ್ಟು ಹೋಗುವುದಿಲ್ಲ. ಮಳೆಗೆ ಮುಂಚೆ ಸಿಮೆಂಟ್ ರಾಶಿ ಹಾಕುವುದು ಮಾತ್ರ ಬೇಡ. ಮೂರು ತಿಂಗಳಿಟ್ಟ ಸಿಮೆಂಟ್ ಸುಮಾರು ಶೇ 20 ಬಲ ಕಳೆದುಕೊಳ್ಳುತ್ತದೆ, ನಮ್ಮ ತೇವಕ್ಕೆ ಇನ್ನೂ ಬೇಗ ಗಟ್ಟಿಯಾಗುತ್ತದೆ.

ಮಳೆ ಬಿಟ್ಟ ಮೇಲೆ ಕಾಫಿ. ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರುವಾದರೆ ರೊಬಸ್ಟಾ ಮಾರ್ಚ್ ತನಕ ಎಳೆಯುತ್ತದೆ. ಕಟ್ಟಲು ಒಳ್ಳೆಯ ತಿಂಗಳುಗಳಲ್ಲೇ ಆಳುಗಳು ತೋಟಕ್ಕೆ ಹೋಗುತ್ತಾರೆ, ಕೂಲಿ ಏರುತ್ತದೆ. ತೋಟದ ಮಾಲೀಕರ ಕೈಯ ದುಡ್ಡೂ ಆಗ ಕೊಯ್ಲಿನ ಕೂಲಿಗೇ ಹೋಗುತ್ತದೆ. ‘ಕಾಫಿ ಕೊಟ್ಟ ಮೇಲೆ ಕೊಡ್ತೀನಿ’ ಎಂಬ ಮಾತನ್ನು ನಂಬಿ ಕೆಲಸ ಮುಂದುವರಿಸಬೇಡಿ. ರೇಟು ಏರಲೆಂದು ಮೂಟೆಗಳು ತಿಂಗಳುಗಟ್ಟಲೆ ಗೋದಾಮಿನಲ್ಲೇ ಉಳಿಯಬಹುದು. ಕರಾರಿನಲ್ಲಿ ತಾರೀಖು ಇರಲಿ, ಹಂತ ಮುಗಿದು 7 ದಿನದೊಳಗೆ ಎಂದು.

ಅತಿ ಹೆಚ್ಚು ಹೊಡೆತ ಬೀಳುವುದು ಬರೆಯಿಂದ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಯಿಂದ. ಗುಡ್ಡ ಕಡಿದು ಜಾಗ ಸಮ ಮಾಡಿದ ಮೇಲೆ ತಡೆಗೋಡೆ, ನೀರು ಹೋಗುವ ಚರಂಡಿ ಬೇಕೇ ಬೇಕು. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚದರ ಅಡಿ ದರದೊಳಗೆ ಇವನ್ನು ಸೇರಿಸಿಬಿಟ್ಟರೆ ಲಾಭ ಪೂರ್ತಿ ಮಣ್ಣಿಗೆ. ಅಳತೆ ಪ್ರಕಾರ ಬೇರೆ ದರ ಬರೆಯಿರಿ. ಕಟ್ಟಡದ ವಿಮೆ ಮಾಡಿಸುವಾಗ ಭೂಕುಸಿತ ಅದರಲ್ಲಿ ಸೇರಿದೆಯೇ ಎಂದು ಓದಿಯೇ ಸಹಿ ಹಾಕಿ. ಕಬ್ಬಿಣದ ದರ ಏರಿದರೆ ಹೆಚ್ಚಿನ ಹಣ ಯಾರದು ಎಂಬ ಷರತ್ತೂ ಬೇಕು: 7 ಟನ್ ಬೇಕಾದ ಮನೆಯಲ್ಲಿ ಕಿಲೋಗೆ 8 ರೂಪಾಯಿ ಏರಿದರೆ 56,000 ಹೆಚ್ಚು.

ಸರ್ಕಾರಿ ಕೆಲಸದಲ್ಲಿ 10 ಲಕ್ಷದ ಬಿಲ್ಲಿಗೆ 10 ಲಕ್ಷ ಬರುವುದಿಲ್ಲ. ವ್ಯಕ್ತಿಗತ ಗುತ್ತಿಗೆದಾರರಿಗೆ ಆದಾಯ ತೆರಿಗೆ ಶೇ 1, ಜಿಎಸ್‌ಟಿ ಕಡಿತ ಶೇ 2, ಕಾರ್ಮಿಕ ಸೆಸ್ ಶೇ 1, ಭದ್ರತಾ ಠೇವಣಿ ಶೇ 5 ಎಂದು ಹಿಡಿದರೆ 90,000 ಕಡಿತ. ಮರಳು, ಜಲ್ಲಿಯ ಸಾಗಣೆ ಪರವಾನಗಿ ಚೀಟಿ ತೋರಿಸದಿದ್ದರೆ ರಾಜಧನವನ್ನೂ (ಸರ್ಕಾರಕ್ಕೆ ಸಲ್ಲಬೇಕಾದ ರಾಯಲ್ಟಿ) ಹಿಡಿಯುತ್ತಾರೆ. ಲೋಡು ಇಳಿದ ದಿನವೇ ಚೀಟಿ ಫೈಲಿಗೆ ಸೇರಿಸಿ.

ಪ್ರತಿ ವಾರ ಬಟವಾಡೆಯ ಹಿಂದಿನ ದಿನ ಮುಂದಿನ 13 ವಾರಗಳ ಪಟ್ಟಿ ಬರೆಯಿರಿ. ಬರಬೇಕಾದ್ದನ್ನು ಹೇಳಿದ ತಾರೀಖಿಗಿಂತ 30 ದಿನ ಮುಂದಕ್ಕೆ ಹಾಕಿ, ಕೊಡಬೇಕಾದ್ದನ್ನು ಇದ್ದ ತಾರೀಖಿಗೇ ಹಾಕಿ. ಯಾವ ವಾರ ಕೈಯಲ್ಲಿ ಉಳಿಯುವ ದುಡ್ಡು ಸೊನ್ನೆಗಿಂತ ಕೆಳಗಿಳಿಯುತ್ತದೋ ಅದಕ್ಕೆ ಆರು ವಾರ ಮುಂಚೆಯೇ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವ ಸಾಲ) ಕೇಳಿ.